ಹದಿನೈದು ದಿನದ ಮಾತ್ರೆ

ಮೊನ್ನೆ ಭಾನುವಾರ ನನ್ನ ಹಳೇ ವ್ಯಾನಿಟಿ ಬ್ಯಾಗನ್ನು ಹಾಸಿಗೆಯ ಮೇಲೆ ಬೋರಲು ಹಾಕಿದೆ. ಜಿಪ್ಪು ಕಿತ್ತುಹೋಗಿತ್ತು, ಹೊಸದು ತಂದಿದ್ದೆ, ಹಳೆಯದರ ಸಂಸಾರವನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಏನೇನು ಬಿತ್ತು ಅಂತೀರಿ? ಎರಡು ತುಂಡು ಸೀಮೆಸುಣ್ಣ, ಕ್ಯಾಪಿಲ್ಲದ ಕೆಂಪು ಪೆನ್ನು, ಯಾರದೋ ಗೃಹಪ್ರವೇಶದ ಅಡಿಕೆ ಪೊಟ್ಟಣ, ಆಮೇಲೆ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು. ಒಂದೆರಡಲ್ಲ, ಹದಿನೇಳು. ಒಳಗಿನ ಅಸ್ತರು ಹರಿದ ಜಾಗದಲ್ಲಿ ನುಗ್ಗಿಕೊಂಡು ಕೂತಿದ್ದವು. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಇದೇನೇ, ಮೆಡಿಕಲ್ ಶಾಪ್ ಇಟ್ಟಿದ್ಯಾ?" ಅಂದರು.

ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಕೈಗೆ ಸಿಕ್ಕ ಸ್ಟ್ರಿಪ್ಪನ್ನು ಗೋಡೆಗೆ ಎಸೆದೆ. ಅದು ಎಷ್ಟು ಹಗುರ ನೋಡಿ, ಗೋಡೆಯವರೆಗೂ ಹೋಗಲಿಲ್ಲ, ಅವರ ಕಾಲ ಬುಡದಲ್ಲಿ ತೊಪ್ ಅಂತ ಕೂಡ ಅನ್ನದೆ ಬಿತ್ತು. ಅವರು ಅದನ್ನು ಹೆಕ್ಕಿ ಕಸದ ಬುಟ್ಟಿಗೆ ಹಾಕಿ ಮತ್ತೆ ಪೇಪರ್ ಓದತೊಡಗಿದರು. ಕೋಪವನ್ನು ಅಂದವಾಗಿ ಮಾಡುವ ಕಲೆ ನನಗೆ ಇನ್ನೂ ಕೈಗೂಡಿಲ್ಲ. ಅದರಲ್ಲಿ ನಾನು ತೀರ ಹೊಸಬಳು.

ನಾನು ಬನಶಂಕರಿಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಹೇಳಿಕೊಡುವ ಮಿಸ್ಸು. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ ಅಂತ ವರ್ಷಕ್ಕೆ ಮೂರು ಸೆಕ್ಷನ್ನಿಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ತೋರಿಸಿದವಳು. ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಇರುತ್ತೆ, ಎರಡು ಮಾರ್ಕಿನ ಪ್ರಶ್ನೆ, ಕೆಳಗೆ ಗೆರೆ ಹಾಕ್ಕೊಳ್ಳಿ ಅಂದವಳು. ಆ ಆಮ್ಲವನ್ನೇ ಒಂಬತ್ತು ವರ್ಷ ದಿನಾ ಬೆಳಗ್ಗೆ ಒಂದು ಮಾತ್ರೆ ನುಂಗಿ ಅಡಗಿಸಿ, ಕಬ್ಬಿಣ ಯಾಕೆ ಮೈಗೆ ಹತ್ತುತ್ತಿಲ್ಲ ಅಂತ ಊರವರನ್ನೆಲ್ಲ ಕೇಳಿದವಳೂ ನಾನೇ.

ಶುರುವಾದದ್ದು ಎದೆಯುರಿಯಿಂದ. ಜೆ.ಪಿ. ನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ನಾನು ಕುರ್ಚಿಯಲ್ಲಿ ಪೂರ್ತಿ ಕೂರುವ ಮೊದಲೇ ಬರೆಯಲು ಶುರುಮಾಡಿದ್ದರು.

"ಏನ್ ಕೆಲಸ ಮಾಡ್ತೀರಿ ಮೇಡಂ?"

"ಟೀಚರ್ ಸಾರ್."

"ಹಾ, ಟೆನ್ಷನ್. ಗ್ಯಾಸ್ಟ್ರಿಕ್. ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು, ಹದಿನೈದು ದಿನ."

ಹದಿನೈದು ದಿನ ನುಂಗಿದೆ. ಸ್ವರ್ಗ. ನಿಲ್ಲಿಸಿದೆ. ಎರಡೇ ದಿನಕ್ಕೆ ಉರಿ ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಮೆಡಿಕಲ್ ಶಾಪಿನವನನ್ನು ಕೇಳಿದೆ. "ಕಂಟಿನ್ಯೂ ಮಾಡಿ ಮೇಡಂ, ಏನಾಗಲ್ಲ. ನಮ್ಮನೇಲಿ ಎಲ್ರೂ ತಗೋತಾರೆ," ಅಂದ. ಅವನ ಮನೆಯವರ ಮೇಲೆ ಅಷ್ಟೊಂದು ವಿಶ್ವಾಸ ಇಟ್ಟು ನಾನು ಒಂಬತ್ತು ವರ್ಷ ಮುಂದುವರಿಸಿದೆ. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಲ್ಲುಜ್ಜುವುದು, ಮಾತ್ರೆ, ಕಾಫಿ. ಸುಪ್ರಭಾತ ತಪ್ಪಿದರೂ ಅದು ತಪ್ಪಲಿಲ್ಲ.

ನಾನೊಬ್ಬಳೇ ಅಂದುಕೊಳ್ಳಬೇಡಿ. ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಗ್ಗೆ ವಾಕಿಂಗಿಗೆ ಹೋಗಿ ನೋಡಿ. ಮೊದಲನೇ ಸುತ್ತು ಮಕ್ಕಳ ವಿಷಯ, ಎರಡನೇ ಸುತ್ತು ಸೊಸೆಯ ವಿಷಯ, ಮೂರನೇ ಸುತ್ತಿಗೆ ಎಲ್ಲರೂ ಹೊಟ್ಟೆಗೆ ಬಂದು ನಿಲ್ಲುತ್ತಾರೆ. "ನೀವು ಯಾವುದು ತಗೋತೀರ? ಹಳದಿ ಕವರಿಂದಾ? ಅಯ್ಯೋ, ಅದು ಬೇಡ್ರೀ, ನಮ್ಮನೆಯವರು ತಗೊಳ್ಳೋದು ಟ್ರೈ ಮಾಡಿ." ಮದುವೆ ಛತ್ರದಲ್ಲಿ ಎಲೆ ಹಾಕುವ ಹೊತ್ತಿಗೆ ಕೈಯಿಂದ ಕೈಗೆ ಮಾತ್ರೆ ದಾಟುವುದನ್ನು ನಾನೇ ಕಂಡಿದ್ದೇನೆ. ನಾನೇ ದಾಟಿಸಿದ್ದೇನೆ. ಅರಿಶಿನ ಕುಂಕುಮ ಕೊಟ್ಟಷ್ಟು ಸಲೀಸಾಗಿ.

ನಾವು ಚಿಕ್ಕವರಿದ್ದಾಗ ಇಟ್ಟಮಡುವಿನಲ್ಲಿದ್ದೆವು. ಆಗ ಅದು ಊರಾಚೆ ಅನ್ನಿಸುವಂಥ ಜಾಗ. ಹೊಟ್ಟೆ ಕೆಟ್ಟರೆ ಓಂಕಾಳು ಉಪ್ಪು ಅಗಿಯಬೇಕು, ಮುಖ ಕಿವುಚಿದರೆ ಇನ್ನೊಂದು ಚಿಟಿಕೆ ಜಾಸ್ತಿ. ಹೊಟ್ಟೆ ಉಬ್ಬರಿಸಿದರೆ ಹೊಕ್ಕುಳಿಗೆ ಇಂಗು. ವಾಂತಿಗೆ ನಿಂಬೆಹಣ್ಣು. ಗೊಟ್ಟಿಗೆರೆಯ ಅತ್ತೆ ಮನೆಗೆ ಬಸ್ಸಿನಲ್ಲಿ ಹೋಗುವಾಗ ಅಮ್ಮ ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, "ಮೂಸ್ತಾ ಕೂತ್ಕೋ, ಮಾತಾಡ್ಬೇಡ," ಅನ್ನುತ್ತಿದ್ದಳು. ನನಗೆ ಮಾತಾಡದೆ ಕೂರುವುದು ಸಾಧ್ಯವಿರಲಿಲ್ಲ. ಹಾಗಾಗಿ ಬನ್ನೇರುಘಟ್ಟ ರಸ್ತೆಯ ಒಂದು ಗೊತ್ತಾದ ತಿರುವಿನಲ್ಲಿ ಪ್ರತಿ ಸಲ ವಾಂತಿ. ಕಂಡಕ್ಟರಿಗೆ ನನ್ನ ಮುಖ ಪರಿಚಯವಾಗಿ, ಆ ತಿರುವು ಬರುವ ಮೊದಲೇ ಕಿಟಕಿ ಪಕ್ಕದವರನ್ನು ಎಬ್ಬಿಸಿ ನನ್ನನ್ನು ಕೂರಿಸುತ್ತಿದ್ದ.

ಇನ್ನೊಂದು ಚಟ ಇತ್ತು ನನಗೆ. ಬಳಪ ತಿನ್ನುವುದು. ಸ್ಲೇಟಿನ ಮೇಲೆ ಬರೆದದ್ದಕ್ಕಿಂತ ಹೊಟ್ಟೆಗೆ ಹೋದದ್ದೇ ಹೆಚ್ಚು. ಅಪ್ಪ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಕೊಟ್ಟರು, ನಾನು ಬಚ್ಚಿಟ್ಟುಕೊಂಡು ತಿಂದೆ. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಅವಳು ತಾನೇ ಡಬ್ಬದಿಂದ ಹಸಿ ಅಕ್ಕಿ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಾಯಿ ಮಗಳಿಬ್ಬರಿಗೂ ಒಂದೇ ಥರ ಹುಚ್ಚು ಅಂತ ಮನೆಯಲ್ಲಿ ನಗೆಯೋ ನಗೆ. ರಕ್ತ ಕಡಿಮೆ ಇದ್ದವರಿಗೆ ಮಣ್ಣು, ಅಕ್ಕಿ, ಬಳಪ ಇಂಥವನ್ನು ತಿನ್ನುವ ಆಸೆಯಾಗುತ್ತೆ ಅಂತ ನನಗೆ ತಿಳಿದದ್ದು ಕಳೆದ ವರ್ಷ. ಬಿ.ಎಸ್ಸಿ., ಬಿ.ಎಡ್. ಮಾಡಿದ್ದೇನೆ ನಾನು.

ನಲವತ್ತೇಳು ದಾಟುವಷ್ಟರಲ್ಲಿ ಸುಸ್ತು ಶುರುವಾಯಿತು. ಸುಸ್ತು ಅಂದರೆ ಕೆಲಸ ಮಾಡಿ ದಣಿದವರ ಸುಸ್ತಲ್ಲ. ಎದ್ದಾಗಲೇ ಸುಸ್ತು. ಒಂಬತ್ತನೇ ಕ್ಲಾಸು ಮೊದಲ ಮಹಡಿಯಲ್ಲಿ. ಮೆಟ್ಟಿಲ ಅರ್ಧದಲ್ಲಿ ನಿಂತು, ಯಾರಾದರೂ ನೋಡಿದರೆ ಸೀರೆ ನೆರಿಗೆ ಸರಿಮಾಡಿಕೊಳ್ಳುವ ನಾಟಕ. ಫ್ರಿಜ್ಜಿನ ಐಸ್ ಟ್ರೇ ಖಾಲಿ ಮಾಡಿ ಕಟಕಟ ಅಗಿಯುವುದು ಬೇರೆ. ಮತ್ತೆ ಅದೇ ಕ್ಲಿನಿಕ್ಕು. ರಕ್ತ ಪರೀಕ್ಷೆಯಾಯಿತು. "ಸ್ವಲ್ಪ ಬ್ಲಡ್ ಕಮ್ಮಿ ಇದೆ. ಲೇಡೀಸ್‌ಗೆ ಇದು ಕಾಮನ್ನು," ಅಂದು ಕಬ್ಬಿಣದ ಮಾತ್ರೆ ಬರೆದರು.

ಅದನ್ನು ನುಂಗಿದರೆ ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಹೊಟ್ಟೆ ತೊಳಸುವುದು. ಹೋಗಿ ಹೇಳಿದೆ, ವಾಕರಿಕೆ ನಿಲ್ಲಲು ಇನ್ನೊಂದು ಮಾತ್ರೆ ಬರೆದರು. ಅದು ತಗೊಂಡರೆ ಪಾಠ ಮಾಡುವಾಗಲೇ ಕಣ್ಣು ಎಳೆಯುವುದು. ಕಬ್ಬಿಣದಿಂದ ಎದೆಯುರಿ ಹೆಚ್ಚಿತು, ಅದಕ್ಕೆ ಉರಿಯ ಮಾತ್ರೆ ಬೆಳಗ್ಗೆ ಒಂದು ಇದ್ದದ್ದು ಸಂಜೆಯೂ ಒಂದಾಯಿತು. ಒಂದನ್ನು ಸರಿಮಾಡಲು ಇನ್ನೊಂದು, ಅದನ್ನು ಸರಿಮಾಡಲು ಮತ್ತೊಂದು, ಆ ಮತ್ತೊಂದು ಮೊದಲನೆಯದರ ಕಾಲು ಹಿಡಿದೆಳೆಯುವುದು. ಮೂರನ್ನೂ ಒಟ್ಟಿಗೇ ಅಂಗೈಯಲ್ಲಿ ಇಟ್ಟುಕೊಂಡು, ಒಳ್ಳೆ ಸ್ಟ್ರಾಂಗ್ ಕಾಫಿಯ ಜೊತೆ ಗುಟುಕರಿಸುತ್ತಿದ್ದೆ. ಕಾಫಿಯೂ ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ. ಅದನ್ನೂ ಯಾರೂ ಹೇಳಲಿಲ್ಲ.

ಮನೆಯಲ್ಲಿ ನಮ್ಮ ಯಜಮಾನರ ರೋಗನಿರ್ಣಯ ಬೇರೆ. "ನೀನು ಎಲ್ಲಾನೂ ಮನಸ್ಸಿಗೆ ಹಚ್ಕೋತೀಯ." ಒಳ್ಳೆಯವರೇ, ಅದಕ್ಕಿಂತ ಕೆಟ್ಟ ಮಾತು ಆಡುವುದಿಲ್ಲ. ಆದರೆ ದಣಿದವಳಿಗೆ ಆ ಮಾತು ಎಷ್ಟು ಚುಚ್ಚುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಿ ಜಗಳ ಆಡೋಣ ಅಂದರೆ ಅದಕ್ಕೂ ಉಸಿರು ಬೇಕಲ್ಲ.

ಹೋದ ವರ್ಷ ಜುಲೈನಲ್ಲಿ ಒಂದು ಸೋಮವಾರ, ಬೆಳಗಿನ ಪ್ರಾರ್ಥನೆಯಲ್ಲಿ ಬಿದ್ದೆ. ನಾಡಗೀತೆ ನಡೆಯುತ್ತಿತ್ತು. ಮೈಕಿನ ಸದ್ದು ದೂರ ಹೋಗುತ್ತಾ ಹೋಗುತ್ತಾ ಬಾವಿಯೊಳಗಿಂದ ಬಂದ ಹಾಗಾಯಿತು. ಕಣ್ಣುಬಿಟ್ಟರೆ ಮೇಲೆ ಹುಡುಗಿಯರ ಮುಖಗಳ ಗುಂಪು, ಎರಡು ಜಡೆಗಳು ನೇತಾಡುತ್ತಿದ್ದವು. ಅವರಲ್ಲೊಬ್ಬಳು ಕೇಳಿದಳು, "ಮಿಸ್, ತಿಂಡಿ ತಿಂದಿಲ್ವಾ?"

ಇಪ್ಪತ್ತಾರು ವರ್ಷ ಪ್ರಾರ್ಥನೆಯಲ್ಲಿ ತಲೆಸುತ್ತಿ ಕೂತ ಪ್ರತಿಯೊಬ್ಬ ಹುಡುಗಿಗೂ ನಾನು ಗದರಿ ಕೇಳಿದ್ದು ಅದೇ ಪ್ರಶ್ನೆ.

ಸಹೋದ್ಯೋಗಿಯೊಬ್ಬರು ಆಟೋದಲ್ಲಿ ಜಯನಗರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿದ್ದವರು ಅರವತ್ತು ದಾಟಿದ ಲೇಡಿ ಡಾಕ್ಟರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವಂಥವರು. ನನ್ನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ನಾಲ್ಕು ವರ್ಷದಲ್ಲಿ ಯಾರೂ ಕೇಳದಿದ್ದದ್ದನ್ನು ಕೇಳಿದರು.

"ತಿಂಗಳು ತಿಂಗಳು ಎಷ್ಟು ಹೋಗತ್ತಮ್ಮ?"

"ಎಲ್ರಿಗೂ ಹೋದ ಹಾಗೇ ಮೇಡಂ."

"ಎಲ್ರ ಕಥೆ ಬೇಡ. ನಿಮ್ಮದು ಹೇಳಿ."

ಹೇಳಿದೆ. ಒಂದು ಸಲಕ್ಕೆ ಎರಡು ಪ್ಯಾಡ್ ಇಟ್ಟುಕೊಳ್ಳುವುದು. ಹಾಸಿಗೆಯ ಮೇಲೆ ಟವೆಲ್ ಮಡಿಸಿ ಹಾಕುವುದು. ಆ ಎಂಟು ದಿನ ಶಾಲೆಗೆ ಕಪ್ಪು, ನೀಲಿ ಸೀರೆಯೇ. ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಳ್ಳಲು ಆಗದೆ ಟೈಮ್ ಟೇಬಲ್ಲನ್ನೇ ಬದಲಾಯಿಸಿಕೊಂಡದ್ದು. ಬನಶಂಕರಿಯಿಂದ ಬಿಟಿಎಂವರೆಗೆ ಯಾವ ಹೋಟೆಲಿನ ಶೌಚಾಲಯ ಎಲ್ಲಿದೆ ಅಂತ ಬಾಯಿಪಾಠ ಇರುವುದು. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು, ಇದು ಎಲ್ಲರ ಕಥೆ ಇರಲಾರದು.

ಅವರು ನನ್ನ ಬ್ಯಾಗಿನಲ್ಲಿದ್ದ ಮಾತ್ರೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು.

"ಈ ಉರಿ ಮಾತ್ರೆ ಎಷ್ಟು ದಿನದಿಂದ?"

"ಒಂಬತ್ತು ವರ್ಷ."

"ಯಾಕೆ?"

"ಹದಿನೈದು ದಿನಕ್ಕೆ ಅಂತ ಕೊಟ್ಟಿದ್ರು."

ಅವರು ನಗಲಿಲ್ಲ. ಹೊಟ್ಟೆಯ ಆಮ್ಲ ಇದ್ದರೇ ಕಬ್ಬಿಣ ಸರಿಯಾಗಿ ಮೈಗೆ ಸೇರುವುದು ಅಂತ, ನಾನು ಎಂಟನೇ ಕ್ಲಾಸಿನವರಿಗೆ ಹೇಳುವಷ್ಟೇ ನಿಧಾನವಾಗಿ ನನಗೆ ಹೇಳಿದರು. ನಾಚಿಕೆಯಾಯಿತು. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಗಡ್ಡೆಗಳು ಕಂಡವು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರೂ ಚಿಲ್ಲರೆ. ಒಂದು ಕಡೆ ಕೊಡ ಸೋರಿಹೋಗುತ್ತಿದೆ, ನಾನು ಇನ್ನೊಂದು ಕಡೆಯಿಂದ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ಬಂದ್ ಮಾಡಿಕೊಂಡು ಕೂತಿದ್ದೆ.

ಒಂದು ಬಾಟಲಿ ರಕ್ತ ಕೊಟ್ಟರು. ಆಮೇಲೆ ವಾರಕ್ಕೊಂದು ಸಲ ಕಬ್ಬಿಣದ ಡ್ರಿಪ್ಪು, ಡಿಕಾಕ್ಷನ್ ಬಣ್ಣದ್ದು. ಸ್ವಲ್ಪ ಚೇತರಿಸಿಕೊಂಡ ಮೇಲೆ ಆಪರೇಷನ್ನು. ಉರಿಯ ಮಾತ್ರೆಯನ್ನು ಅವರೇ ಹಂತ ಹಂತವಾಗಿ ಬಿಡಿಸಿದರು.

ನರ್ಸಿಂಗ್ ಹೋಮಿಗೆ ಅಮ್ಮ ಬಂದಳು. ತಮ್ಮನ ಮನೆಯಲ್ಲಿದ್ದಾಳೆ, ಎಪ್ಪತ್ತೆಂಟು ವಯಸ್ಸು, ಡಬ್ಬಿಯಲ್ಲಿ ಸಾರನ್ನ ಕಲಸಿಕೊಂಡು ಬಂದಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು ತಣ್ಣಗೆ ಅಂದಳು:

"ನಂಗೂ ಹಂಗೇ ಹೋಗ್ತಿತ್ತು ಕಣೇ. ನಿನ್ ತಮ್ಮ ಹುಟ್ಟಿದ ಮೇಲೆ ಹದಿನಾಲ್ಕು ವರ್ಷ."

"ಯಾರಿಗೂ ಹೇಳ್ಲಿಲ್ವೇನಮ್ಮ?"

"ಯಾರು ಕೇಳಿದ್ರು?"

ಆಗ ಒಂದು ದಿನ ನೆನಪಾಯಿತು. ನನಗೆ ಹದಿನೈದು ವರ್ಷ. ಮನೆ ತುಂಬ ನೆಂಟರು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟಿದ್ದಳು, ಬಡಿಸುವ ಸೌಟು ಕೈಯಲ್ಲೇ ಇತ್ತು. ನಾನು ಎಲ್ಲರಿಗೂ ಕೇಳುವ ಹಾಗೆ, "ನಮ್ಮಮ್ಮ ಮಹಾರಾಣಿ, ಯಾವಾಗ ನೋಡಿದ್ರೂ ಕೂತೇ ಇರ್ತಾಳೆ," ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಅಮ್ಮನೂ ನಕ್ಕು, ಗೋಡೆ ಹಿಡಿದು ಎದ್ದು ಬಡಿಸಿದ್ದಳು.

"ಅವತ್ತು ನಾನು ಹಂಗಂದಿದ್ದು ನೆನಪಿದೆಯೇನಮ್ಮ ನಿಂಗೆ?"

"ನೆನಪಿದೆ," ಅಂದಳು. ಅಷ್ಟೇ. ಹೋಗಲಿ ಬಿಡು ಅನ್ನಲಿಲ್ಲ. ಡಬ್ಬಿಯಿಂದ ಒಂದು ತುತ್ತು ತೆಗೆದು ನನ್ನ ಬಾಯಿಗಿಟ್ಟಳು.

ಚೇತರಿಸಿಕೊಂಡ ಮೇಲೆ ಜೆ.ಪಿ. ನಗರದ ಡಾಕ್ಟರ ಹತ್ತಿರ ಹೋದೆ. ಜಗಳ ಆಡಲಿಕ್ಕೇ ಹೋದೆ. ಆಟೋದಲ್ಲಿ ಕೂತು ಭಾಷಣ ತಯಾರಿಸಿದ್ದೆ, ಮೂರು ಪಾಯಿಂಟು, ಪ್ರತಿ ಪಾಯಿಂಟಿಗೆ ಎರಡು ಉಪ ಪಾಯಿಂಟು. ರಿಪೋರ್ಟನ್ನು ಮೇಜಿನ ಮೇಲೆ ಇಟ್ಟೆ. ಅವರು ತಿರುವಿಹಾಕಿ, "ಬ್ಲೀಡಿಂಗ್ ಇದೆ ಅಂತ ನೀವು ಹೇಳ್ಲೇ ಇಲ್ವಲ್ಲ ಮೇಡಂ," ಅಂದರು.

"ನೀವು ಕೇಳ್ಲೇ ಇಲ್ವಲ್ಲ ಸಾರ್!"

ಅಲ್ಲಿಗೆ ನನ್ನ ಭಾಷಣ ಮುಗಿಯಿತು. ಮಿಕ್ಕ ಪಾಯಿಂಟಿಗೆ ಬರುವ ಮೊದಲೇ ಅಳು ಬಂದುಬಿಟ್ಟಿತು. ಸಿಟ್ಟು ಬಂದರೆ ಅಳು ಬರುವ ಈ ಹಾಳು ಅಭ್ಯಾಸ! ಅವರು ಕನಿಕರದಿಂದ, "ನೋಡಿ, ಇದೇ ನಾನು ಹೇಳೋದು, ಟೆನ್ಷನ್ ಮಾಡ್ಕೋಬೇಡಿ. ಬಿಪಿ ನೋಡೋಣ್ವಾ?" ಅಂದರು. ಕೈ ಕೊಡಲಿಲ್ಲ. ಎದ್ದು ಬಂದೆ. ಬಾಗಿಲನ್ನು ದಢಾರನೆ ಹಾಕಬೇಕು ಅಂತ ಎಳೆದರೆ ಅದು ತಾನೇ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು.

ಮತ್ತೆ ಶಾಲೆಗೆ ಹೋಗತೊಡಗಿ ಎರಡು ವಾರವಾಗಿತ್ತು. ಪ್ರಾರ್ಥನೆಯಲ್ಲಿ ಒಂಬತ್ತನೇ ಕ್ಲಾಸಿನ ಚಂದ್ರಿಕಾ ತಲೆ ಹಿಡಿದುಕೊಂಡು ಕುಕ್ಕರಿಸಿ ಕೂತಳು. ಹಿಂದಿನ ಬೆಂಚಿನಲ್ಲಿ ಸದಾ ತೂಕಡಿಸುವ ಹುಡುಗಿ. ನಾನೇ ಅವಳಿಗೆ ಸೋಮಾರಿ ಅಂತ ಬಿರುದು ಕೊಟ್ಟಿದ್ದೆ. ಪಿಟಿ ಮೇಷ್ಟ್ರು ವಿಷಲ್ ಊದಿ, "ಏಯ್, ತಿಂಡಿ ತಿನ್ನದೆ ಬಂದು ಇಲ್ಲಿ ನಾಟಕ ಆಡ್ತೀಯಾ? ಎದ್ದೇಳು!" ಅಂದರು.

"ಬಾಯ್ಮುಚ್ರೀ ಸಾರ್!"

ಕೂಗಿದ್ದು ನಾನು. ಎದುರಿಗೆ ಮೈಕ್ ಆನ್ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಾನೂರು ಮಕ್ಕಳು, ಹೆಡ್ ಮೇಷ್ಟ್ರು, ಕಾಂಪೌಂಡಿನಾಚೆ ಸೊಪ್ಪು ಮಾರುವವಳು, ಎಲ್ಲರಿಗೂ ಕೇಳಿಸಿತು. ಪಿಟಿ ಮೇಷ್ಟ್ರು ವಿಷಲ್ಲನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ನಿಂತರು. ಹೆಡ್ ಮೇಷ್ಟ್ರು, "ವಿಜಯಾ ಮೇಡಂ, ಸ್ವಲ್ಪ ಸಮಾಧಾನ," ಅಂದರು. ನಾನು ಸಮಾಧಾನ ಮಾಡಿಕೊಳ್ಳಲಿಲ್ಲ. ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ಮಲಗಿಸಿ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿ ಹಾಳೆ.

ಅವಳ ತಾಯಿ ಮಂಜುಳಾ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಲರ್. ಅರ್ಧ ದಿನ ರಜೆ ಹಾಕಿ ಓಡೋಡಿ ಬಂದಳು. ಅವಳ ಕೈಯಲ್ಲಿ ಒಂದು ಕವರು, ಒಳಗೆ ನನಗೆ ಚೆನ್ನಾಗಿ ಗುರುತಿದ್ದ ಮಾತ್ರೆ.

"ಹೊಟ್ಟೆ ತೊಳಸ್ತದೆ, ಸುಸ್ತು ಅಂತಾಳೆ ಮಿಸ್. ಮೆಡಿಕಲ್‌ನೋರು ಗ್ಯಾಸು ಅಂತ ಕೊಟ್ರು. ನಾನೂ ಇದನ್ನೇ ತಗೊಳ್ಳೋದು."

"ಎಷ್ಟು ದಿನದಿಂದ?"

"ಯಾರಿಗೆ ನೆನಪಿದೆ ಮಿಸ್?"

ಇಬ್ಬರನ್ನೂ ಆಟೋದಲ್ಲಿ ಹತ್ತಿಸಿಕೊಂಡು ನನ್ನ ಲೇಡಿ ಡಾಕ್ಟರ ಹತ್ತಿರ ಹೋದೆ. ಮಗಳನ್ನು ಪರೀಕ್ಷಿಸಿದ ಮೇಲೆ ಡಾಕ್ಟರು ತಾಯಿಯ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಮಂಜುಳಾ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗಳನ್ನು ಹೊರಗೆ ಕಳಿಸಿ ಅಂದಳು. ನಾನೂ ಎದ್ದೆ. "ನೀವು ಇರಿ ಮಿಸ್," ಅಂದಳು. ಕೂತೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಮಗಳಿಗಿಂತ ತಾಯಿಯ ರಕ್ತವೇ ಕಡಿಮೆ ಇತ್ತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಡಾಕ್ಟರು ಇಬ್ಬರ ಚಿಕಿತ್ಸೆಯನ್ನೂ ಅಂದೇ ಶುರುಮಾಡಿದರು. ಕಬ್ಬಿಣದ ಮಾತ್ರೆಯನ್ನು ಯಾವಾಗ ತಿನ್ನಬೇಕು, ಯಾವುದರ ಜೊತೆ ತಿನ್ನಬಾರದು, ಎಷ್ಟು ದಿನ ತಿನ್ನಬೇಕು, ಎಲ್ಲವನ್ನೂ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟರು. ಕೊನೆಯ ತಾರೀಕಿನ ಕೆಳಗೆ ಎರಡು ಗೆರೆ ಹಾಕಿದರು.

ಚಂದ್ರಿಕಾ ಈಗ ಥ್ರೋಬಾಲ್ ಟೀಮಿನಲ್ಲಿದ್ದಾಳೆ. ಪಾಠದ ಮಧ್ಯೆ ಎಷ್ಟು ಮಾತಾಡುತ್ತಾಳೆ ಅಂದರೆ, ಎರಡು ಸಲ ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ದೇನೆ. ಪಿಟಿ ಮೇಷ್ಟ್ರು ನನ್ನ ಹತ್ತಿರ ಒಂದು ತಿಂಗಳು ಮಾತು ಬಿಟ್ಟಿದ್ದರು. ಆಮೇಲೊಂದು ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಬಂದು, "ಮೇಡಂ, ನಮ್ಮ ಮಿಸೆಸ್‌ಗೂ ಸ್ವಲ್ಪ ಸುಸ್ತು ಅಂತಾಳೆ... ಆ ಡಾಕ್ಟ್ರ ನಂಬರ್ ಇದೆಯಾ?" ಅಂದರು. ಕೊಟ್ಟೆ. ಹೆಂಡತಿ ಸುಸ್ತು ಅನ್ನತೊಡಗಿ ಎಷ್ಟು ದಿನವಾಯಿತು ಅಂತ ಕೇಳಿದೆ. ಮೂರು ವರ್ಷ ಅಂದರು. ಅವರ ಮೇಲೆ ಮತ್ತೊಮ್ಮೆ ಕೂಗಾಡುವುದನ್ನು ಹೇಗೋ ತಡೆದುಕೊಂಡೆ.

ಹೋದ ಗುರುವಾರ ಸಂಜೆ ಮಂಜುಳಾ ಫೋನ್ ಮಾಡಿದಳು. ಹಿಂದೆ ಬಸ್ಸಿನ ಗಲಾಟೆ.

"ಮಿಸ್, ಇವತ್ತು ಸೂಪರ್‌ವೈಸರ್ ಜೊತೆ ಜಗಳ ಆಡ್ಬಿಟ್ಟೆ!"

"ಯಾಕಮ್ಮ, ಏನಾಯ್ತು?"

"ಬಾತ್‌ರೂಮಿಗೆ ಎರಡ್ನೇ ಸಲ ಯಾಕೆ ಹೋದೆ ಅಂತ ಬೈದ. ಹನ್ನೊಂದು ವರ್ಷದಿಂದ ಬೈತಾನೇ ಇದಾನೆ. ಇವತ್ತು ಮಿಷನ್ ಆಫ್ ಮಾಡಿ ಎದ್ ನಿಂತ್ಕೊಂಡೆ ಮಿಸ್. ನಮ್ ಲೈನಿನ ಮಿಷನ್ನೋರಿಗೆಲ್ಲ ಕೇಳೋ ಹಂಗೆ, ಯಾಕ್ ಹೋಗ್ಬಾರ್ದು ಅಂತ ಕೇಳ್ಬಿಟ್ಟೆ."

"ಅವನೇನಂದ?"

"ಸುಮ್ನೆ ಆ ಕಡೆ ಹೋದ. ನಾನು ಕೂತು ಮತ್ತೆ ಮಿಷನ್ ಆನ್ ಮಾಡ್ದೆ." ಬಸ್ಸಿನ ಗಲಾಟೆಗೆ ದನಿ ಏರಿಸಿದಳು. "ಇಷ್ಟು ವರ್ಷ ಕೋಪ ಬರ್ತಿರ್ಲಿಲ್ಲ ಅಂತಲ್ಲ ಮಿಸ್. ಎದ್ ನಿಲ್ಲೋಕೆ ತ್ರಾಣ ಇರ್ಲಿಲ್ಲ."

ಅವಳೇ ಮುಂದುವರಿಸಿದಳು.

"ನಮ್ ಲೈನಲ್ಲಿ ಇನ್ನೂ ನಾಲ್ಕು ಜನ ಇದಾರೆ ಮಿಸ್. ಎಲ್ರೂ ಅದೇ ಗ್ಯಾಸ್ ಮಾತ್ರೆ ನುಂಗೋರೇ. ಶನಿವಾರ ಮಧ್ಯಾಹ್ನ ಡಾಕ್ಟ್ರ ಹತ್ರ ಕರ್ಕೊಂಡ್ ಬರ್ಲಾ?"

"ಬಾ," ಅಂದೆ. "ಎಲ್ರನ್ನೂ ಕರ್ಕೊಂಡ್ ಬಾ."